ಚಂದನಳ ಪಾಲಿನ ಹಾಲು

ಗಂಗಾಧರ ಕೋಲಾರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಎಂಟು ತಿಂಗಳ ಮಗಳು ಚಂದನಳಿಗೆ ವರ್ಷ ತುಂಬುವವರೆಗೆ ಹಸುವಿನ ಹಾಲು ಕುಡಿಸಬಾರದೆಂದು ಡಾಕ್ಟರು ಹೇಳಿದ್ದರು: ಎಳೆಯ ಮೂತ್ರಪಿಂಡಕ್ಕೆ ಅದು ಹೊರೆ, ರಕ್ತಕ್ಕೆ ಬೇಕಾದ ಕಬ್ಬಿಣವೂ ಅದರಲ್ಲಿ ಸಾಲದು. ಎದೆಹಾಲು, ಮೆತ್ತನೆಯ ಊಟ, ಜೊತೆಗೆ ಕಾಯಿಸಿ ಆರಿಸಿದ ನೀರು ನಾಲ್ಕು ಗುಟುಕು ಸಾಕು. ಇದನ್ನು ಹೆಂಡತಿ ಶೋಭಾರಾಣಿಗೆ ವಿವರಿಸುವುದು ಸುಲಭವಾಗಿತ್ತು. ಅಮ್ಮನಿಗೆ ಹೇಳಲು ನಾಲಿಗೆ ಏಳಲಿಲ್ಲ.

ಅಮ್ಮ ಮುನಿಯಲ್ಲಮ್ಮ ವಕ್ಕಲೇರಿಯಲ್ಲಿ ಹಸು ಕಟ್ಟಿದವಳು. ಅವಳ ಹಾಲಿನ ಗಟ್ಟಿತನ ಅಳೆದಾಗ ಡೇರಿಯಲ್ಲಿ ಯಾವತ್ತೂ ಒಳ್ಳೆಯ ಡಿಗ್ರಿ. ಭಾನುವಾರ ಬಂತೆಂದರೆ ಮೊಮ್ಮಗಳಿಗೆಂದು ಕ್ಯಾನು ಹಿಡಿದು ಬಸ್ಸಿಳಿಯುತ್ತಿದ್ದಳು. ಆ ಹಿಗ್ಗಿದ ಮುಖ ನೋಡಿ ಬೇಡವೆನ್ನಲಾರದೆ ಗಂಗಾಧರ ಒಂದು ಉಪಾಯ ಹೂಡಿದ. "ಯಾರಾದ್ರೂ ನೋಡ್ತಿದ್ರೆ ಇವಳು ಕುಡಿಯಲ್ಲಮ್ಮ" ಎಂದು ಹಾಲನ್ನೂ ಮಗುವನ್ನೂ ಕೋಣೆಗೆ ಒಯ್ದು, ಬಾಗಿಲು ಮುಂದೆ ಮಾಡಿ, ತಾನೇ ಗಟಗಟನೆ ಕುಡಿದುಬಿಡುತ್ತಿದ್ದ. ಖಾಲಿ ಲೋಟ ಕಂಡ ಅಮ್ಮ ಮುಂದಿನ ವಾರ ಇನ್ನಷ್ಟು ತರುತ್ತಿದ್ದಳು. ಚಂದನ ಇದ್ದ ಹಾಗೇ ಇದ್ದಳು. ಅವಳಪ್ಪನ ಷರ್ಟಿನ ಗುಂಡಿಗಳು ಮಾತ್ರ ಬಿಗಿಯಾದವು.

"ಎಷ್ಟು ದಿನ ಈ ನಾಟಕ? ಹೇಳ್ಬಿಡ್ರೀ ಅತ್ತೆಗೆ," ಎಂದು ಒಂದು ಭಾನುವಾರ ಕೋಣೆಯ ಬಾಗಿಲಲ್ಲಿ ಶೋಭಾರಾಣಿ ಪಿಸುಗುಟ್ಟಿದಳು.

"ಹೇಳ್ತೀನಿ ಕಣೇ. ಇದೊಂದು ಲೋಟ ಮುಗೀಲಿ."

ಅದು ಮುಗಿಯಲಿಲ್ಲ. ಶೋಭಾರಾಣಿ ಅಡುಗೆಮನೆಗೆ ಹೋದದ್ದೇ ತಡ, ಮೊಮ್ಮಗಳು ಹಾಲು ಕುಡಿಯುವ ಚೆಂದವನ್ನು ಕದ್ದಾದರೂ ನೋಡಬೇಕೆಂದು ಮುನಿಯಲ್ಲಮ್ಮ ಮೆಲ್ಲಗೆ ಬಾಗಿಲು ನೂಕಿದಳು. ಮಂಚದ ಮೇಲೆ ಚಂದನ ತನ್ನ ಕಾಲ್ಬೆರಳು ಚೀಪುತ್ತಿದ್ದಳು. ಮಗ ಲೋಟ ಎತ್ತಿ ಹಿಡಿದಿದ್ದ. ಮೀಸೆಯ ತುಂಬ ಕೆನೆ.

"ಅಯ್ಯೋ ದೇವುಡಾ! ಏನ್ಲಾ ಇದು? ಕೂಸಿನ ಪಾಲು ಕಿತ್ಕೊಂಡು ಕುಡೀತೀಯಾ?"

ಗಂಗಾಧರ ಬೆವರುತ್ತ ಡಾಕ್ಟರ ಮಾತನ್ನೆಲ್ಲ ಒಪ್ಪಿಸಿದ. ಮುನಿಯಲ್ಲಮ್ಮ ಮಂಚದ ತುದಿಯಲ್ಲಿ ಕುಳಿತಳು. ಮುಖ ಸಣ್ಣಗಾಗಿತ್ತು.

"ನನ್ನ ಹಾಲು ಏನ್ ಕೆಟ್ಟದ್ದಾ?"

"ಹಾಲು ಚೆನ್ನಾಗಿದೆಯಮ್ಮ. ಅದು ಕರುಗೆ ಅಂತ ಆಗಿರೋದು. ಇವಳಿಗೆ ಇನ್ನೂ ಅರಗಲ್ಲ."

ಅವಳು ಚಂದನಳ ಬಾಯಿಂದ ಕಾಲ್ಬೆರಳು ಬಿಡಿಸಿದಳು. "ಹಸು ಈದಾಗ ಪಕ್ಕದ ಮನೆಯೋರು ಗಿಣ್ಣು ಕೇಳಿದ್ರೂ ಕರು ಕುಡಿದ ಮೇಲೇನೇ ನಾನು ಕೊಡೋದು. ಎಳೇದಕ್ಕೆ ತಾಯಿ ಹಾಲೇ ಆಗ್ಬೇಕು ಅಂತ ನನಗೆ ಗೊತ್ತಿಲ್ವಾ? ಬಾಯಿಬಿಟ್ಟು ಹೇಳೋಕೇನಾಗಿತ್ತು, ದಡ್ಡ ಮುಂಡೇದೇ?"

ಗಂಗಾಧರ ನಿರಾಳವಾಗಿ ಲೋಟ ಕೆಳಗಿಟ್ಟ.

"ಇಡ್ಬೇಡ, ಕುಡಿ," ಎಂದಳು ಅಮ್ಮ, ಅವನ ಷರ್ಟಿನ ಬಿಗಿದ ಗುಂಡಿಗಳನ್ನು ನೋಡುತ್ತ. "ನನ್ನ ಹಾಲು ಕುಡಿದು ನಮ್ಮನೆ ಕೂಸು ಗುಂಡುಗುಂಡಗಾಗಿದೆ ಅಂತ ಡೇರಿ ಹತ್ರ ಎಲ್ರಿಗೂ ಹೇಳ್ಬಿಟ್ಟಿದೀನಿ. ಇವಳಿಗೆ ವರ್ಷ ತುಂಬೋವರ್ಗೂ ಯಾರಾದ್ರೂ ಕೇಳಿದ್ರೆ, ನನ್ನ ಕೂಸನ್ನೇ ತೋರಿಸ್ತೀನಿ."