ತಾಯವ್ವನ ಎದೆಯ ಗೆರೆಗಳು

ಸೋಮವಾರ ಬೆಳಗ್ಗೆ ಕಂಪ್ಯೂಟರಿನ ತೆರೆಯ ಮೇಲೆ ಮೂಡಿದ ಚಿತ್ರ ನೋಡಿ ನೇತ್ರಾ ಕಿರಣ ಬಿಡದಂತೆ ತಡೆದಳು. ಒಳಗೆ ಮಶೀನಿನ ಕೆಳಗೆ ನಿಡೋಣಿಯ ತಾಯವ್ವ ಎಡಗೈ ತಲೆಯ ಮೇಲೆತ್ತಿಕೊಂಡು ಮಲಗಿದ್ದಳು. ಕಿರಣದ ಗುರಿಗೆಂದು ಅವಳ ಎದೆಗೆ ಬರೆದ ನೀಲಿ ಗೆರೆಗಳ ಮೇಲೆ ಮಶೀನಿನ ಬೆಳಕು ಕೂದಲೆಳೆ ತಪ್ಪದೆ ಕೂತಿತ್ತು. ಆದರೆ ಒಳಗಿನ ಎಲುಬಿನ ಚಿತ್ರ ಮೊದಲ ದಿನದ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಬೆರಳಗಲ ಸರಿದಿತ್ತು. ಅದೂ ಎಡಗಡೆ. ಅಲ್ಲಿ ಬೆರಳಗಲ ಸರಿದರೆ ಕಿರಣ ಬೀಳುವುದು ಹೃದಯಕ್ಕೆ.

ನೇತ್ರಾ ಹೊನವಾಡದ ದ್ರಾಕ್ಷಿ ತೋಟದವರ ಮಗಳು. ಡಾಕ್ಟರಾಗಿದ್ದು ಸಾಲದು ಎಂದು ವಿಜಯಪುರದ ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಕಿರಣ ಕೊಡುವ ವಿದ್ಯೆ ಕಲಿಯುತ್ತಿದ್ದಳು. ಊರವರ ಬಾಯಲ್ಲಿ ಅವಳು ‘ಕರೆಂಟ್ ಕೊಡೂ ಡಾಕ್ಟ್ರು’. ಈ ವಿದ್ಯೆಯಲ್ಲಿ ಮೊದಲ ವರ್ಷ ನೋಡುವುದೇ ಕೆಲಸ, ಕೈ ಹಾಕುವ ಹಾಗಿಲ್ಲ. ಎರಡನೆಯ ವರ್ಷ ಕಿರಣ ಎಲ್ಲಿಂದ ಹೊಕ್ಕು ಎಲ್ಲಿ ಹೊರಡಬೇಕೆಂದು ತಾನೇ ಬರೆಯಬೇಕು, ಗುರುಗಳು ತಿದ್ದಬೇಕು. ಗುರು ಡಾ. ಸುಧಾರಾಣಿ ತಿದ್ದುವುದರಲ್ಲಿ ಎತ್ತಿದ ಕೈ. ಅಂಥವರು ಒಂದು ಗೆರೆಯನ್ನೂ ಮುಟ್ಟದೆ ಒಪ್ಪಿದ ಮೊದಲ ಯೋಜನೆ ತಾಯವ್ವನದು. ಅವತ್ತು ನೇತ್ರಾ ಇಡೀ ವಿಭಾಗಕ್ಕೆ ಧಾರವಾಡ ಪೇಡೆ ಹಂಚಿದ್ದಳು.

‘ರುಕ್ಸಾರಕ್ಕಾ, ಗೆರಿ ನೀವೇನರ ತಿದ್ದೀರೇನು?’ ಎಂದು ಮಶೀನು ನಡೆಸುವ ರುಕ್ಸಾರಳನ್ನು ಕೇಳಿದಳು.

‘ನಾ ಮುಟ್ಟೇ ಇಲ್ರಿ ಡಾಕ್ಟ್ರ. ಶುಕ್ರಾರ ಮಾಸಿದ್ವು, ಇವತ್ತ ನೋಡಿದ್ರ ಹೊಸಾವ ಇದ್ದಂಗ ಕಾಣ್ತಾವ. ನೀವ ತಿದ್ದೀರಿ ಅನ್ಕೊಂಡ್ನಿ.’

ನೇತ್ರಾ ತಿದ್ದಿರಲಿಲ್ಲ. ಅಥವಾ ತಿದ್ದಿ ಮರೆತಳೇ? ಕಳೆದ ವಾರದ ಚಿತ್ರ ತೆಗೆದು ನೋಡಿದಳು, ಸರಿಯಿತ್ತು. ಸರಿಯಿತ್ತೋ, ಸರಿಯಿರಲಿ ಎಂಬ ಆಸೆಯಲ್ಲಿ ತನ್ನ ಕಣ್ಣಿಗೆ ಹಾಗೆ ಕಂಡಿತೋ? ಮೊದಲಿನಿಂದಲೇ ತಪ್ಪಿದ್ದರೆ ಇಷ್ಟು ದಿನ ಆ ಮುದುಕಿಯ ಹೃದಯಕ್ಕೆ ಬೆಂಕಿ ಇಟ್ಟವಳು ತಾನೇ ಅಲ್ಲವೇ? ಯೋಚಿಸಿದಷ್ಟೂ ಎಲ್ಲ ಗೋಜಲಾಯಿತು.

ಸುಧಾರಾಣಿ ಬಂದವರೇ ‘ಯಾಕ್ರಿ, ನಿಲ್ಲಿಸೀರಿ?’ ಎಂದರು.

‘ಮೇಡಂ, ನಂಗ ತಿಳೀವಲ್ದು.’

‘ತಿಳೀದಿದ್ರ ನಿಲ್ಸೋದ ಚಲೋ. ಮಶೀನ್ ನೋಡ್ಕೊಂತ ನಿಂತ್ರ ಅದೇನ ಹೇಳೂದಿಲ್ಲ. ಪೇಶಂಟ್ ಕಡೆ ಹೋಗ್ರಿ.’

ನೇತ್ರಾ ಒಳಗೆ ಹೋಗಿ ಬಗ್ಗಿ ನೋಡಿದಳು. ಗೆರೆಗಳು ಅಚ್ಚುಕಟ್ಟಾಗಿದ್ದವು, ತನ್ನ ಕೈಗಿಂತ ಅಚ್ಚುಕಟ್ಟು. ಪಕ್ಕೆಯ ಗೆರೆ ಮುಗಿಯುವಲ್ಲಿ, ಕಿರಣದ ಹಾದಿಯ ಹೊರಗೆ, ಹಕ್ಕಿಯ ಕಾಲಿನಂಥ ಮೂರು ಗೀಟುಗಳಿದ್ದವು. ಈ ವಿಭಾಗದಲ್ಲಿ ಅಂಥ ಗುರುತು ಯಾರೂ ಹಾಕುವುದಿಲ್ಲ.

‘ಯವ್ವಾ, ಇದನ್ನ ಯಾರ ಹಾಕ್ಯಾರ?’

ತಾಯವ್ವ ಮುಖ ಗೋಡೆಗೆ ತಿರುಗಿಸಿದಳು. ‘ನಿನ್ನಿ ಅಮಾಸಿ ಇತ್ತಲ್ಲಬೇ. ತಲಿಮ್ಯಾಲ ನೀರ ಹಾಕ್ಕೊಳ್ಳದ ದೇವರ ಮುಂದ ಹೆಂಗ ಹೋಗ್ಲಿ? ಗೆರಿ ತೊಳದ ಹೋದ್ವು. ಶುಕ್ರಾರ ನೀ ಎಷ್ಟ ಬೈದಿದ್ದಿ, ಅಳಿಸಿದ್ರ ಎಲ್ಲಾ ಕೆಡತೈತಿ ಅಂತ. ನಾ ಅಳಾಕತ್ನಿ. ನಮ್ಮನಿಯವ್ರು, ಸುಮ್ನಿರ, ನಾ ತಿದ್ದತೇನಿ ಅಂದ್ರು.’

ಹೊರಗಿನ ಬೆಂಚಿನಿಂದ ಅವಳ ಗಂಡ ಅಮಸಿದ್ದನನ್ನು ಕರೆಸಿದರು. ಹೆಗಲ ಮೇಲೆ ಕಂಬಳಿ ಹೊತ್ತ ಆ ಕುರಿಗಾರ ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬಂದ.

‘ಕುರಿ ಗಾಯಕ್ಕ ಹಚ್ಚೂ ನೀಲಿ ಔಷಧ ಮನ್ಯಾಗಿತ್ರಿ. ನಿಮ್ದೂ ಅದ ಬಣ್ಣ ಐತೆಲ್ಲ? ಉಣ್ಣೆ ಸುತ್ತಿದ ಕಡ್ಡೀಲೆ ಎಳದ್ನಿ. ಮಾಸಿದ್ದ ಗೆರಿ ಅಲ್ಲೊಂದ ಇಲ್ಲೊಂದ ಚೂರ ಕಾಣ್ತಿತ್ತು, ಉಳದದ್ದ ಕಣ್ಣಳತೀಲೆ ನೆಟ್ಟಗ ಎಳದೇನಿ. ಸಮ ಬಂದೈತಿಲ್ರಿ?’ ಎಂದ. ದನಿಯಲ್ಲಿ ಹೆಮ್ಮೆ ಇತ್ತು.

‘ಎಳಿಯೂಮುಂದ ಅವ್ವ ಹೆಂಗಿದ್ಲು ಕಾಕಾ?’

‘ಕಟ್ಟೀಮ್ಯಾಲ ಕುಂತಿದ್ಳರಿ.’

ಅಲ್ಲಿಗೆ ಗಂಟು ಬಿಚ್ಚಿತು. ಕೈ ಇಳಿಸಿ ಕೂತವಳ ಚರ್ಮ ಒಂದು ಕಡೆ, ಕೈ ಎತ್ತಿ ಮಲಗಿದವಳ ಚರ್ಮ ಇನ್ನೊಂದು ಕಡೆ; ಕೂತಾಗ ಎಳೆದ ಗೆರೆ ಮಲಗಿದಾಗ ಸರಿದಿತ್ತು. ಶುಕ್ರವಾರದವರೆಗೆ ಎಲ್ಲವೂ ಸರಿಯಿತ್ತು, ಇವತ್ತು ಕಿರಣ ಬಿಟ್ಟೇ ಇರಲಿಲ್ಲ. ತಾಯವ್ವನ ಹೃದಯಕ್ಕೆ ಏನೂ ಆಗಿಲ್ಲ. ನೇತ್ರಾಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

‘ಅಳಿಸಬ್ಯಾಡ್ರಿ ಅಂತ ಬೈದ್ರಿ. ಅಳಿಸಿದ್ರ ಏನ ಮಾಡಬೇಕಂತ ಹೇಳಿದ್ರೇನು?’ ಎಂದರು ಸುಧಾರಾಣಿ.

‘ಇಲ್ಲ ಮೇಡಂ.’

‘ಈ ಕಲಿಕ್ಯಾಗ ಅದೂ ಬರ್ತೈತಿ.’

ನೇತ್ರಾ ತಲೆ ತಗ್ಗಿಸಿದಳು. ಆದರೂ ಒಂದು ವಿಷಯ ತಲೆಗೆ ಹತ್ತಿರಲಿಲ್ಲ. ‘ಕಾಕಾ, ಮತ್ತ ಈ ಮೂರು ಗೀಟು ಯಾಕ?’

ಅಮಸಿದ್ದನ ಹೆಮ್ಮೆ ಜರ್ರನೆ ಇಳಿಯಿತು. ಕಂಬಳಿಯ ಅಂಚು ತಿರುವುತ್ತ ನಿಂತ.

‘ಅದು ನಮ್ಮ ಹಿಂಡಿನ ಗುರ್ತರಿ. ಇಲ್ಲಿ ಎಷ್ಟೊಂದ ಮಂದಿ ಬರ್ತಾರ, ಎಲ್ಲಾರ ಮೈಮ್ಯಾಲೂ ಇಂಥಾವ ಗೆರಿ. ಮೊನ್ನಿ ನನ್ನ ಬಾಜೂಕ ಕುಂಡ್ರತಿದ್ದಾಂವನ ಹೆಂಡ್ತಿ ತೀರ್ಕೊಂಡಳಂತ. ಅಂಜಿಕಿ ಬಂತ್ರಿ. ಗುರ್ತಿದ್ದ ಕುರಿ ಎಲ್ಲಿ ತಪ್ಪಿದ್ರೂ ತಿರಗಿ ಮನೀಗೆ ಬರ್ತೈತಿ, ನಮ್ಮ ಕಡೆ.’

ತಾಯವ್ವ ಗೋಡೆಯ ಕಡೆಯಿಂದ ಮುಖ ತಿರುಗಿಸಿ ಗಂಡನನ್ನೇ ನೋಡಿದಳು. ಹಾಗೇಕೆ ಹಾಕಿದನೆಂದು ಅವಳಿಗೂ ಗೊತ್ತಿರಲಿಲ್ಲ.

ತಾಯವ್ವನನ್ನು ಮತ್ತೆ ಸ್ಕ್ಯಾನ್ ಕೋಣೆಗೆ ಕರೆದೊಯ್ದರು. ನೇತ್ರಾ ಸ್ಪಿರಿಟಿನ ಹತ್ತಿಯಿಂದ ಅಮಸಿದ್ದನ ಗೆರೆಗಳನ್ನು ತಿಕ್ಕಿ ತಿಕ್ಕಿ ಅಳಿಸಿದಳು. ಮೂರು ಗೀಟುಗಳನ್ನು ಬಿಡಬೇಕೆಂದೇ ಇದ್ದಳು, ಆದರೆ ಸ್ಪಿರಿಟು ಹರಿದು ಅವೂ ಕದಡಿಹೋದವು. ಕೈ ಎತ್ತಿಸಿ, ಮಲಗಿಸಿ, ಚಿತ್ರ ತೆಗೆದು, ಹೊಸ ಗೆರೆ ಎಳೆದಳು. ಸುಧಾರಾಣಿ ನೋಡಿ, ಸರಿ ಎಂದರು.

ಅವರು ಹೋದ ಮೇಲೆ ನೇತ್ರಾ ಬಣ್ಣದ ಕಡ್ಡಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಇದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಬಾಗಿಲು ತೆರೆದು ಅಮಸಿದ್ದನನ್ನು ಕರೆದಳು.

‘ಕಾಕಾ, ನನ್ನ ಗೆರಿ ಮುಗದ್ವು. ನಿಮ್ಮದೊಂದು ಉಳದೈತಿ’ ಎಂದು ಕಡ್ಡಿಯನ್ನು ಅವನ ಕೈಗೆ ಕೊಟ್ಟಳು.