ಅರ್ಮಿದಾ ಮನೆಯ ಮಡ್ಡಿ ವೈನು

ಆ ವಸಂತದಲ್ಲಿ ವೈನನ್ನು ಬಾಟಲಿಗೆ ತುಂಬುವ ಕೆಲಸ ಮೊದಲ ಸಲ ನಿವೆಸ್ ಪಾಲಿಗೆ ಬಂತು. ಅದುವರೆಗೆ ತುಂಬುತ್ತಿದ್ದ ಮಾವ ಒತ್ತೊರಿನೊ ಚಳಿಗಾಲದಲ್ಲಿ ತೀರಿಕೊಂಡಿದ್ದ. ಗಂಡ ದೆನಿಸ್ ಬಳ್ಳಿ ಸವರುವುದರಲ್ಲಿ ಗಟ್ಟಿಗ, ನೆಲಮಾಳಿಗೆಗೆ ಇಳಿದರೆ ಎಡವಟ್ಟು. ಅತ್ತೆ ಅರ್ಮಿದಾ ಮೂಗು ಮುರಿದಳು, ಆದರೆ ಬೇಡ ಎನ್ನಲಿಲ್ಲ. ಒಂದು ಮಾತನ್ನು ಮಾತ್ರ ಕಡ್ಡಿ ಮುರಿದಂತೆ ಹೇಳಿದಳು. ವೈನು ನೊರೆಯೇಳದಿದ್ದರೆ ಮುಂದಿನ ಕೊಯ್ಲಿನ ಗ್ಲೇರಾ ದ್ರಾಕ್ಷಿಯೆಲ್ಲ ದೊಡ್ಡ ವೈನ್ ಕಂಪನಿಯ ಟ್ಯಾಂಕಿಗೆ ಹೋಗುತ್ತದೆ. ಮನೆಯ ಬಾಟಲಿ ಅಲ್ಲಿಗೆ ಮುಗಿಯಿತು.

ನಿವೆಸ್ ಪಿಯಾವೆ ನದಿಯ ಬಯಲಿನವಳು. ಅಲ್ಲಿ ಯಂತ್ರವೇ ಸಾಲಿನ ಮೇಲೆ ಹಾದು ದ್ರಾಕ್ಷಿ ಉದುರಿಸುತ್ತದೆ. ವಾಲ್ದೊಬ್ಬಿಯಾದೆನೆಯ ಈ ಗುಡ್ಡದಲ್ಲಿ ಯಂತ್ರವಿರಲಿ, ಕತ್ತೆಯೂ ಯೋಚಿಸಿ ಹೆಜ್ಜೆಯಿಡಬೇಕು. ಮದುವೆಯಾಗಿ ಬಂದ ವರ್ಷ ಅವಳು ಬುಟ್ಟಿ ಸಮೇತ ಜಾರಿ ರಸ್ತೆಯವರೆಗೆ ಬಂದದ್ದನ್ನು ಊರು ಇನ್ನೂ ಮರೆತಿಲ್ಲ. ಈಗ ಅವಳಿಗೆ ಮುದಿ ಗ್ಲೇರಾಗಳ ನಡುವೆ ಹಿರಿಯರು ಪರಿಮಳಕ್ಕೆಂದು ನೆಟ್ಟ ಪೆರೇರಾ ಬಳ್ಳಿ ಎಲ್ಲಿದೆಯೆಂದು ಕಣ್ಣು ಮುಚ್ಚಿಯೂ ಗೊತ್ತು. ಗುಡ್ಡ ತನ್ನದೆಂಬ ಹೆಮ್ಮೆ ಅಲ್ಲೇ ಹುಟ್ಟಿದವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇತ್ತು.

ಈಸ್ಟರಿಗೆ ಮುಂಚೆ, ಚಂದ್ರ ಬೆಳೆಯುವ ದಿನಗಳಲ್ಲಿ, ಮಾವ ಮಾಡುತ್ತಿದ್ದ ಹಾಗೆಯೇ ತುಂಬಿದಳು. ಕಂಪನಿಯವರು ಟ್ಯಾಂಕಿನಲ್ಲಿ ನೊರೆಯೆಬ್ಬಿಸಿ, ಸೋಸಿ, ತಿಳಿಯಾಗಿಸಿ ಮಾರುತ್ತಾರೆ. ಈ ಮನೆಯ ವೈನಿನಲ್ಲಿ ಯೀಸ್ಟಿನ ಮಡ್ಡಿ ಬಾಟಲಿಯ ತಳದಲ್ಲೇ ಉಳಿದು, ಸಿಹಿಯನ್ನು ತಿಂದು, ಗುಳ್ಳೆಯೆಬ್ಬಿಸಬೇಕು. ವೈನು ಮಬ್ಬಾಗಿರುತ್ತದೆ. ಆ ಮಬ್ಬೇ ಇವರ ಜಂಬ.

ಮೇ ತಿಂಗಳಲ್ಲಿ ಪಕ್ಕದ ತೋಟದ ಮುದುಕ ಜೆಲಿಂದೊ ಊಟಕ್ಕೆ ಬಂದ. ನಿವೆಸ್ ತವರಿನಿಂದ ತರಿಸಿದ, ಮಣ್ಣಡಿಯಲ್ಲೇ ಬೆಳೆಯುವ ಬಿಳಿ ಆಸ್ಪರಾಗಸ್ ದಂಟು ಬೇಯಿಸಿ, ಮೊಟ್ಟೆಯ ಜೊತೆ ಬಡಿಸಿ, ಮೊದಲ ಬಾಟಲಿ ತೆರೆದಳು. ಸದ್ದೇ ಇಲ್ಲ. ಲೋಟದಲ್ಲಿ ವೈನು ಕೆರೆಯ ನೀರಿನ ಹಾಗೆ ಸುಮ್ಮನೆ ನಿಂತಿತು.

"ಆಸ್ಪರಾಗಸ್ ಬೆಳೆಯೋ ಕೈ ಕಣಮ್ಮ ನಿಂದು," ಎಂದ ಜೆಲಿಂದೊ. "ವೈನೂ ಮಣ್ಣೊಳಗೇ ಮಲಗಿರ್ಲಿ ಅಂತ ಬಿಟ್ಟಿದೀಯ."

ನಿವೆಸ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅರ್ಮಿದಾ ಮಾತ್ರ ಲೋಟವನ್ನು ನಿಧಾನವಾಗಿ ಖಾಲಿ ಮಾಡಿ ಬಾಯಿ ಒರೆಸಿಕೊಂಡಳು.

"ಈ ವರ್ಷ ಚಳಿ ಬಿಟ್ಟಿಲ್ಲ, ಅದಿನ್ನೂ ಎದ್ದಿಲ್ಲ. ಜೂನ್ ಕೊನೇಲಿ ಸಂತ ಪೇತ್ರನ ಹಬ್ಬಕ್ಕೆ ಬಾ ಜೆಲಿಂದೊ. ಇಸ್ಪೀಟಾಡೋ ನಿನ್ನ ಗೆಳೆಯರನ್ನೂ ಕರ್ಕೊಂಡು ಬಾ."

ಅವನು ಹೋದ ಮೇಲೆ ಅತ್ತೆ ಇನ್ನೊಂದು ಬಾಟಲಿ ಮುಟ್ಟಕೂಡದೆಂದು ಮಾತ್ರ ಅಂದಳು. ನಾಲ್ಕು ಜನರ ಮುಂದೆ ತನ್ನ ಮಾನ ಹರಾಜು ಹಾಕಲೆಂದೇ ಈ ಮುದುಕಿ ಊರನ್ನು ಕರೆದಿದ್ದಾಳೆ ಎಂದು ನಿವೆಸ್ ಒಳಗೇ ಕುದಿದಳು. ವೈನು ಬೆಚ್ಚಗಾಗಲೆಂದು ಬಿಸಿಲೇರಿದಾಗ ನೆಲಮಾಳಿಗೆಯ ಕಿಂಡಿ ತೆರೆದಳು, ಸಂಜೆ ಮುಚ್ಚಿದಳು. ಜೂನ್ ಪೂರ್ತಿ ಅದೇ ಕೆಲಸ.

ಹಬ್ಬದ ದಿನ ಬೆಂಕಿಯ ಮೇಲೆ ಮಾಂಸ ಚುಚ್ಚಿದ ಕಂಬಿಗಳು ಬೆಳಗಿನಿಂದಲೇ ತಿರುಗುತ್ತಿದ್ದವು. ಜೆಲಿಂದೊ ದಂಡು ಕಟ್ಟಿಕೊಂಡೇ ಬಂದ. ಅರ್ಮಿದಾ ಬಾಟಲಿಯನ್ನು ತಂದು ಸೊಸೆಯ ಮುಂದಿಟ್ಟಳು. ನಿವೆಸ್ ಮುಚ್ಚಳ ಎಬ್ಬಿಸಿದಳು.

ಫಟ್ ಎಂದಿತು. ನೊರೆ ಅವಳ ಬೆರಳುಗಳ ಮೇಲೆಲ್ಲ ಹರಿದು ಮೇಜಿಗಿಳಿಯಿತು. ಬಿಸಿ ಬ್ರೆಡ್ಡಿನ, ಪಿಯರ್ ಹಣ್ಣಿನ ಘಮ ಎದ್ದಿತು. ಜೆಲಿಂದೊ ಒಂದು ಗುಟುಕು ಕುಡಿದ, ಇನ್ನೊಂದು ಕುಡಿದ, ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. ಇದು ಬಯಲಿನವಳ ಕೈಯದಲ್ಲ, ನಿನ್ನದೇ, ನಿಜ ಹೇಳಿಬಿಡು ಎಂದು ಅರ್ಮಿದಾಳನ್ನು ಕೆಣಕಿದ.

"ಕೆಟ್ಟಿದ್ರೆ ನಾನೇ ತುಂಬಿದ್ದು ಅನ್ನೋಣ ಅಂತ ಕೂತಿದ್ದೆ," ಎಂದಳು ಅರ್ಮಿದಾ. "ಕೆಟ್ಟಿಲ್ಲ. ಅದಕ್ಕೇ ನಿಜ ಹೇಳ್ತೀನಿ, ಇದು ನಮ್ಮ ನಿವೆಸ್ ಮಾಡಿದ್ದು."

ತಿಂಗಳಿಡೀ ಅತ್ತೆಯನ್ನು ಮನಸ್ಸಿನಲ್ಲೇ ಬೈದದ್ದೆಲ್ಲ ನೆನಪಾಗಿ ನಿವೆಸ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ತಲೆಯೆತ್ತಿ ಇನ್ನೊಂದು ಸುತ್ತು ಸುರಿದಳು, ಮೊದಲು ಅತ್ತೆಯ ಲೋಟಕ್ಕೆ.