ಚಂದ್ರನವರೆಗೆ ಹೋದ ಪಿಟೀಲು

ನಮ್ಮ ಮನೆಯ ಹಜಾರದಿಂದ ನಾನು ಗಾಳಿಯಲ್ಲಿ ತೇಲಿಬಿಟ್ಟ ಪಿಟೀಲಿನ ನಾದ ಕೇಳಿ ಚಂದ್ರ ತಲೆದೂಗಿದ, ಅಂದು ಅರ್ಧ ಗಂಟೆ ತಡವಾಗಿ ಮುಳುಗಿದ. ನಂಬದಿದ್ದರೆ ಬಿಡಿ. ರೇಡಿಯೊ ರಿಪೇರಿಯಲ್ಲಿ ನನ್ನ ಕೈ ಅಂಥದ್ದು. ನಾನು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಕೆಟ್ಟ ರೇಡಿಯೊಗಳು ಹೆದರಿ ತಾವಾಗಿಯೇ ಹಾಡತೊಡಗುತ್ತವೆ.

ಆದದ್ದು ಹೀಗೆ. ಅಣ್ಣನ ಮಗಳು ಮೊದಲ ಸಲ ಜನರೆದುರು ಪಿಟೀಲು ನುಡಿಸುವವಳಿದ್ದಳು. ಕಲಿಸಿದವಳು ಅವಳ ಅಜ್ಜಿ, ಅಂದರೆ ನನ್ನ ಅಮ್ಮ. ಅಮ್ಮನೋ ಕಾಲು ಮುರಿದುಕೊಂಡು ಮಹಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಪಾಠ ಹೇಳುವಾಗ ಅವಳದೊಂದು ಕ್ರಮವಿತ್ತು: ಸ್ವರ ತಪ್ಪಿದರೆ ಊರುಗೋಲಿನಿಂದ ನೆಲಕ್ಕೆ ‘ಟಕ್’ ಎಂದು ಒಂದು ಏಟು. ಆ ಏಟಿನ ಭರವಸೆಯಿಲ್ಲದೆ ಹುಡುಗಿಗೆ ಕೈಯೇ ಓಡದು.

“ಅಜ್ಜಿ ಕೇಳದಿದ್ರೆ ನಾನು ನುಡಿಸಲ್ಲ,” ಎಂದು ಪಿಟೀಲನ್ನು ಪೆಟ್ಟಿಗೆಗೆ ಹಾಕಿಯೇಬಿಟ್ಟಳು. ಕಣ್ಣಲ್ಲಿ ನೀರು.

“ಚಿಕ್ಕಪ್ಪ ಇರೋದು ಯಾಕೆ ಪುಟ್ಟಿ? ತಂತಿಯಿಲ್ಲದೆ ಮನೆಯ ಮೂಲೆ ಮೂಲೆಗೂ ಕಳಿಸ್ತೀನಿ!”

“ಹೋದ ಸಲ ಕರೆಗಂಟೆ ಒತ್ತಿದ್ರೆ ಮಿಕ್ಸಿ ತಿರುಗೋ ಹಾಗೆ ಮಾಡಿದ್ದೂ ನೀನೇ ಅಲ್ವೇನಪ್ಪಾ?” ಎಂದಳು ಅತ್ತಿಗೆ.

ಅಸೂಯೆ! ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಪಿನ ಡಬ್ಬಿಯೊಳಗೆ ಪುಟ್ಟದೊಂದು ಪ್ರಸಾರ ಯಂತ್ರ ಕೂರಿಸಿ ಅದಕ್ಕೆ ಮೈಕು ಸಿಕ್ಕಿಸಿದೆ. ಅಡುಗೆಮನೆಗೊಂದು, ಅಮ್ಮನ ಮಂಚದ ಪಕ್ಕಕ್ಕೊಂದು ರೇಡಿಯೊ ಇಟ್ಟು, ಎರಡರ ಮುಳ್ಳನ್ನೂ ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿದೆ. ಕೊನೇ ಗಳಿಗೆಯಲ್ಲಿ ಯಂತ್ರ ಉಸಿರು ಬಿಟ್ಟಿತು. ಒಂದೇ ನೆಗೆತಕ್ಕೆ ಮಹಡಿ ಹತ್ತಿ ಇಳಿದು ಅದಕ್ಕೆ ಜೀವ ತುಂಬಿದೆ. ಹೇಗೆಂದು ಕೇಳಬೇಡಿ, ಕಸುಬಿನ ಗುಟ್ಟು.

ಹಜಾರದಲ್ಲಿ ನೆರೆಹೊರೆಯ ಹನ್ನೆರಡು ಜನ, ನನ್ನ ಲೆಕ್ಕದಲ್ಲಿ ಹನ್ನೆರಡು ಸಾವಿರ. ಹುಡುಗಿ ಕಮಾನು ಎತ್ತಿದಳು. ಶುರುವಾದ ಸ್ವಲ್ಪ ಹೊತ್ತಿಗೇ ಒಂದು ಸ್ವರ ಜಾರಿತು.

ಮೇಲಿನಿಂದ ‘ಟಕ್!’

ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಹುಡುಗಿಯ ಮುಖ ಅರಳಿತು, ಕಮಾನು ಕುಣಿಯಿತು. ಮುಗಿದಾಗ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ನಾನೂ ಎದ್ದು ಕೈಮುಗಿದೆ, ಯಾರೂ ನನ್ನನ್ನು ನೋಡದಿದ್ದರೂ.

ಎಲ್ಲರೂ ಮಹಡಿಗೆ ಓಡಿದೆವು. ಅಮ್ಮ ರೇಡಿಯೊವನ್ನು ಕಿವಿಗೆ ಒತ್ತಿಕೊಂಡೇ ಇದ್ದಳು.

“ಕೇಳಿಸ್ತಾ ಅಜ್ಜೀ?”

“ಪಕ್ಕದಲ್ಲೇ ಕೂತು ನುಡಿಸಿದ ಹಾಗಿತ್ತು ಕಣೇ.”

“ನೋಡಿದ್ರಾ ಅತ್ತಿಗೇ?” ಎಂದು ನಾನು ಎದೆಯುಬ್ಬಿಸಿದೆ. ಅತ್ತಿಗೆ ರೇಡಿಯೊ ತೆಗೆದುಕೊಂಡು ಅದರ ಕಿವಿ ತಿರುವಿದಳು. ಗೊರ್ ಎನ್ನುವ ಸದ್ದೂ ಇಲ್ಲ. ಹಿಂದಿನ ಮುಚ್ಚಳ ತೆಗೆದಳು. ಒಳಗೆ ಖಾಲಿ.

“ಬ್ಯಾಟರಿ ಎಲ್ಲಪ್ಪಾ?”

ಸೋಪಿನ ಡಬ್ಬಿ ನನ್ನ ಕೈಯಲ್ಲೇ ಇತ್ತು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. “ಕೆಳಗೆ ಅಡುಗೆಮನೇಲಿ ನಿನ್ನತ್ತಿಗೆ ರೇಡಿಯೊನ ಬೀದಿಗೇ ಕೇಳೋ ಹಾಗೆ ಹಾಕಿದ್ಲು. ನನ್ನ ಕಿಟಕಿ ಅದರ ನೆತ್ತಿ ಮೇಲೇ ಅಲ್ವೇನೋ?”

“ಮತ್ತೆ ಇದನ್ನ ಯಾಕಮ್ಮಾ ಕಿವಿಗೆ ಹಿಡ್ಕೊಂಡಿದ್ದೆ?”

“ಇಷ್ಟು ಒದ್ದಾಡಿದೀಯ, ನಿನ್ನ ಮುಖ ಬಾಡಬಾರದು ಅಂತ.”

ಸರಿ, ಒಪ್ಪಿಕೊಳ್ಳುತ್ತೇನೆ. ಅವಸರದಲ್ಲಿ ಸೋಪಿನ ಡಬ್ಬಿಯ ಯಂತ್ರಕ್ಕೆಂದು ಅಮ್ಮನ ರೇಡಿಯೊದ ಬ್ಯಾಟರಿಯನ್ನೇ ಕಿತ್ತು ತಂದಿದ್ದೆ. ಅದಿಲ್ಲದೆ ಅದು ಹಾಡದೆಂಬುದು ಈ ರೇಡಿಯೊ ರಿಪೇರಿಯವನಿಗೆ ಹೊಳೆಯಲಿಲ್ಲ. ಚಂದ್ರನಿಗೆ ಏನೂ ಕೇಳಿಸಿಲ್ಲ. ನನ್ನ ನಾದ ತಂತಿಯಿಲ್ಲದೆ ಹೋದದ್ದು ಹಜಾರದಿಂದ ಅಡುಗೆಮನೆಗೆ, ಹನ್ನೊಂದು ಹೆಜ್ಜೆ.

ಅತ್ತಿಗೆ ಅಳೆದು ನೋಡಿದ್ದಾಳಂತೆ. ಒಂಬತ್ತು.